ಮೋಟಾರಿನ ಟೈಮಿಂಗ್ ಬೆಲ್ಟು: ಅದರ ಕೆಲಸವೂ ಮನೆಯಲ್ಲಿ ಅದನ್ನು ಬದಲಾಯಿಸುವ ಕ್ರಮವೂ

ಈ ಸಂಚಿಕೆಯನ್ನು ಓದುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ವಿದ್ಯಾರ್ಥಿನಿಯರ ತಂದೆತಾಯಿಗಳಲ್ಲಿಯೂ ಅನೇಕರ ಮನೆಯ ಅಂಗಳದಲ್ಲಿ ಈಗ ಒಂದು ಕಾರು ನಿಂತಿರುವದು. ಅದನ್ನು ತೊಳೆಯುವವರೂ ನಡಿಸುವವರೂ ಬಹು ಮಂದಿ. ಅದರ ಒಳಗೆ ನಡೆಯುವ ಕೆಲಸವನ್ನು ತಿಳಿದವರು ಸ್ವಲ್ಪವೇ ಮಂದಿ. ಹೊಲಿಗೆಯ ಯಂತ್ರವನ್ನು ಉಪಯೋಗಿಸುವವಳು ಅದಕ್ಕೆ ಎಣ್ಣೆ ಬಿಡುವದನ್ನೂ ಮುರಿದ ಸೂಜಿಯನ್ನು ಬದಲಾಯಿಸುವದನ್ನೂ ತಾನೇ ಬಲ್ಲವಳಾಗಿರಬೇಕೆಂದು ನಾವು ಹೊಲಿಗೆಯ ತರಗತಿಯಲ್ಲಿ ಯಾವಾಗಲೂ ಹೇಳುತ್ತ ಬಂದಿದ್ದೇವೆ. ಕಾರನ್ನು ನಡಿಸುವವಳಿಗೂ ಅದೇ ನ್ಯಾಯವು ಸಲ್ಲುವದು. ಆದುದರಿಂದ ಈ ಸಾರಿಯ ಪಾಠಕ್ಕೆ ಕಾರಿನ ಯಂತ್ರದ ಪಕ್ಕದಲ್ಲಿ ಮುಚ್ಚಳದ ಮರೆಯಲ್ಲಿ ಓಡುವ ಒಂದು ರಬ್ಬರಿನ ಪಟ್ಟಿಯನ್ನು ಆರಿಸಿಕೊಂಡಿದ್ದೇವೆ. ಅದರ ಹೆಸರು ಟೈಮಿಂಗ್ ಬೆಲ್ಟು. ಅಗಲದಲ್ಲಿ ಎರಡು ಬೆರಳಿಗಿಂತ ಹೆಚ್ಚಿಲ್ಲದ ಈ ವಸ್ತುವು ಹರಿದರೆ ಇಡೀ ಯಂತ್ರವೇ ಕೆಡಬಹುದು. ಹರಿಯುವ ಮುಂಚೆ ಅದು ಒಂದು ಮಾತನ್ನೂ ಹೇಳುವದಿಲ್ಲ. ಇದೇ ಈ ಪಾಠದ ಮುಖ್ಯ ವಿಷಯ.

1. ಬೆಲ್ಟು ಮಾಡುವ ಕೆಲಸ

ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವನ್ನು ನೆನಸಿಕೊಳ್ಳಿರಿ. ತುಳಿಯುವ ಹಲಗೆಯು ಮೇಲಕ್ಕೂ ಕೆಳಕ್ಕೂ ಆಡುವದು. ಅದಕ್ಕೆ ಸೇರಿಸಿದ ಸರಳು ಆ ಆಟವನ್ನು ದೊಡ್ಡ ಚಕ್ರದ ತಿರುಗಾಟವನ್ನಾಗಿ ಮಾಡುವದು. ಕಾರಿನಲ್ಲಿಯೂ ಹೀಗೆಯೇ. ಸಿಲಿಂಡರೆಂಬ ಕೊಳವೆಯೊಳಗೆ ಪಿಸ್ಟನ್ನು ಏರಿ ಇಳಿಯುವದು. ಅದರ ಕೆಳಗಿರುವ ಕ್ರ್ಯಾಂಕ್ ಶಾಫ್ಟು ತಿರುಗುವದು. ತುಳಿಯುವ ಕಾಲಿನ ಬದಲಾಗಿ ಇಲ್ಲಿ ಉರಿಯುವ ಇಂಧನದ ಒತ್ತಡವು ಕೆಲಸ ಮಾಡುವದು.

ಜರ್ಮನಿಯ ನಿಕೋಲಾಸ್ ಓಟೋ ಎಂಬವನು 1876ರಲ್ಲಿ ನಡಿಸಿ ತೋರಿಸಿದ ಕ್ರಮದ ಪ್ರಕಾರ ಈ ಪಿಸ್ಟನ್ನಿಗೆ ನಾಲ್ಕು ಹೆಜ್ಜೆಗಳುಂಟು. ಮೊದಲನೆಯ ಹೆಜ್ಜೆಯಲ್ಲಿ ಅದು ಕೆಳಗಿಳಿದು ಗಾಳಿಯನ್ನೂ ಪೆಟ್ರೋಲನ್ನೂ ಒಳಕ್ಕೆ ಎಳಕೊಳ್ಳುವದು. ಎರಡನೆಯದರಲ್ಲಿ ಮೇಲೇರಿ ಅವುಗಳನ್ನು ಒತ್ತುವದು. ಮೂರನೆಯದರಲ್ಲಿ ಕಿಡಿ ಹತ್ತಿ, ಉರಿಯ ಬಲದಿಂದ ಕೆಳಕ್ಕೆ ತಳ್ಳಲ್ಪಡುವದು. ನಾಲ್ಕನೆಯದರಲ್ಲಿ ಮತ್ತೆ ಮೇಲೇರಿ ಹೊಗೆಯನ್ನು ಹೊರಡಿಸುವದು. ಈ ನಾಲ್ಕು ಹೆಜ್ಜೆಗಳು ಮುಗಿಯುವಷ್ಟರಲ್ಲಿ ಕ್ರ್ಯಾಂಕ್ ಶಾಫ್ಟು ಎರಡು ಸುತ್ತು ತಿರುಗಿರುವದು.

ಗಾಳಿ ಒಳಕ್ಕೆ ಬರುವದಕ್ಕೂ ಹೊಗೆ ಹೊರಕ್ಕೆ ಹೋಗುವದಕ್ಕೂ ಬಾಗಿಲುಗಳು ಬೇಕಷ್ಟೆ? ಆ ಬಾಗಿಲುಗಳೇ ವಾಲ್ವುಗಳು. ಅವನ್ನು ತೆರೆಯುವದು ಯಂತ್ರದ ತಲೆಯ ಮೇಲಿರುವ ಕ್ಯಾಮ್ ಶಾಫ್ಟು. ಅದರ ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುವವು. ಶಾಫ್ಟು ತಿರುಗಿದ ಹಾಗೆಲ್ಲಾ ಒಂದೊಂದು ಉಬ್ಬು ಒಂದೊಂದು ವಾಲ್ವನ್ನು ಒತ್ತಿ ತೆರೆಯುವದು. ಉಬ್ಬು ದಾಟಿದೊಡನೆ ಸ್ಪ್ರಿಂಗು ಅದನ್ನು ಮುಚ್ಚುವದು. ನಾಲ್ಕು ಹೆಜ್ಜೆಗಳಲ್ಲಿ ಪ್ರತಿಯೊಂದು ವಾಲ್ವು ಒಂದೇ ಸಾರಿ ತೆರೆಯತಕ್ಕದ್ದು. ಆದುದರಿಂದ ಕೆಳಗಿನ ಕ್ರ್ಯಾಂಕ್ ಶಾಫ್ಟು ಎರಡು ಸುತ್ತು ತಿರುಗುವಾಗ ಮೇಲಿನ ಕ್ಯಾಮ್ ಶಾಫ್ಟು ಸರಿಯಾಗಿ ಒಂದೇ ಸುತ್ತು ತಿರುಗಬೇಕು. ಕೆಳಗಿನ ಹಲ್ಲುಗಾಲಿಗೆ 20 ಹಲ್ಲುಗಳಿದ್ದರೆ ಮೇಲಿನದಕ್ಕೆ 40 ಇರಬೇಕೆಂಬದು ಇದರಿಂದಲೇ ತಿಳಿಯುವದು. ಇವೆರಡನ್ನೂ ಒಂದೇ ತಾಳದಲ್ಲಿ ಕಟ್ಟಿ ನಡಿಸುವದೇ ಟೈಮಿಂಗ್ ಬೆಲ್ಟಿನ ಕೆಲಸ. ನಮ್ಮ ದೇಶದಲ್ಲಿ 1983ರಿಂದ 2014ರ ಆರಂಭದ ವರೆಗೆ ತಯಾರಾಗಿ, ಎಷ್ಟೋ ಮಧ್ಯಮ ಸ್ಥಿತಿಯ ಮನೆಗಳಿಗೆ ಮೊದಲನೆಯ ಕಾರಾಗಿ ಬಂದ ಮಾರುತಿ 800ರ ಮೂರು ಸಿಲಿಂಡರುಗಳ, 796 ಸಿ.ಸಿ. ಯಂತ್ರದಲ್ಲಿ ಈ ಕೆಲಸವನ್ನು ಇಂಥ ಬೆಲ್ಟೇ ಮಾಡುವದು.

ಕೋಲಾಟದಲ್ಲಿ ಎದುರೆದುರಾಗಿ ನಿಂತ ಇಬ್ಬರು ಹುಡುಗಿಯರು ಒಂದೇ ತಾಳಕ್ಕೆ ಬೀಸಿದರೆ ಕೋಲಿಗೆ ಕೋಲು ತಗಲುವದು. ಒಬ್ಬಳು ಅರ್ಧ ತಾಳ ತಪ್ಪಿದರೆ ಕೋಲು ಬೆರಳಿಗೆ ಬೀಳುವದು. ಪಿಸ್ಟನ್ನಿಗೂ ವಾಲ್ವಿಗೂ ಇರುವ ಸಂಬಂಧವು ಇಂಥದೇ.

2. ಬೆಲ್ಟಿಗೆ ಹಲ್ಲುಗಳು ಯಾಕೆ?

ಹೊಲಿಗೆ ಯಂತ್ರದ ಕೆಳಗಿನ ಚಕ್ರಕ್ಕೂ ಮೇಲಿನ ಚಕ್ರಕ್ಕೂ ಸುತ್ತುವ ಚರ್ಮದ ಹುರಿಯು ಆಗಾಗ್ಗೆ ಜಾರುವದನ್ನು ನೀವೆಲ್ಲರೂ ಕಂಡಿದ್ದೀರಿ. ಅದರಿಂದ ಕೆಲಸವು ಸ್ವಲ್ಪ ತಡವಾಗುವದೇ ಹೊರತು ಬೇರೆ ಕೇಡಿಲ್ಲ. ಆದರೆ ಅದೇ ಯಂತ್ರದಲ್ಲಿ ಮೇಲಿನ ಸೂಜಿಗೂ ಕೆಳಗಿನ ದಾರದ ಕೊಕ್ಕೆಗೂ ನಡುವೆ ಒಂದು ಕೂದಲೆಳೆಯಷ್ಟೂ ಜಾರುವಿಕೆ ಇರಕೂಡದು; ಇದ್ದರೆ ಹೊಲಿಗೆ ಬೀಳುವದೇ ಇಲ್ಲ. ಜಾರದ ಬೆಲ್ಟನ್ನು 1940ರ ದಶಕದಲ್ಲಿ ಅಮೆರಿಕಾ ದೇಶದಲ್ಲಿ ಹುಡುಕಿದ್ದು ಹೊಲಿಗೆ ಯಂತ್ರದ ಈ ಅಗತ್ಯಕ್ಕಾಗಿಯೇ. ಬೆಲ್ಟಿನ ಒಳಮೈಯಲ್ಲಿ ಸಾಲಾಗಿ ಹಲ್ಲುಗಳನ್ನಿಟ್ಟು, ಗಾಲಿಯಲ್ಲಿ ಅದಕ್ಕೆ ಸರಿಯಾದ ತೋಡುಗಳನ್ನು ಕೊರೆದರು. ನಮ್ಮ ಹುಡುಗಿಯರು ದಿನಾಲು ಉಪಯೋಗಿಸುವ ಯಂತ್ರಕ್ಕಾಗಿ ಹುಟ್ಟಿದ ಉಪಾಯವು ಆಮೇಲೆ ಮೋಟಾರಿಗೆ ಹೋಯಿತೆಂಬದು ಸಂತೋಷದಿಂದ ನೆನಸತಕ್ಕ ಸಂಗತಿಯಾಗಿದೆ. ಜರ್ಮನಿಯಲ್ಲಿ 1962ರಲ್ಲಿ ಮಾರಾಟಕ್ಕೆ ಬಂದ ಗ್ಲಾಸ್ 1004 ಎಂಬ ಕಾರು ಕ್ಯಾಮ್ ಶಾಫ್ಟನ್ನು ಹಲ್ಲುಳ್ಳ ರಬ್ಬರಿನ ಬೆಲ್ಟಿನಿಂದ ತಿರುಗಿಸಿದ ಮೊದಲನೆಯ ಮಾರಾಟದ ಕಾರೆಂದು ಹೆಸರು ಪಡೆದಿದೆ.

ಅದಕ್ಕೆ ಮುಂಚೆ ಈ ಕೆಲಸಕ್ಕೆ ಹಲ್ಲುಗಾಲಿಗಳೂ ಉಕ್ಕಿನ ಸರಪಳಿಯೂ ಇದ್ದವು. ಸರಪಳಿಯು ಬಹುಕಾಲ ಬಾಳುವದು. ಆದರೆ ಭಾರವಾದದ್ದು, ಸದ್ದು ಮಾಡುವಂಥದು, ಯಾವಾಗಲೂ ಎಣ್ಣೆ ಬೇಡುವಂಥದು. ಬೆಲ್ಟು ಹಗುರ, ಅಗ್ಗ, ಸದ್ದಿಲ್ಲದ್ದು. ಆದರೆ ಅದಕ್ಕೆ ಆಯುಷ್ಯದ ಮಿತಿಯುಂಟು. ಈಗಿನ ಅನೇಕ ಕಾರುಗಳಲ್ಲಿ ಪುನಃ ಸರಪಳಿಯನ್ನೇ ಹಾಕುತ್ತಾರೆ; ವಿದ್ಯುತ್ತಿನಿಂದ ಓಡುವ ಕಾರಿನಲ್ಲಿ ವಾಲ್ವುಗಳೇ ಇಲ್ಲದ್ದರಿಂದ ಈ ಬೆಲ್ಟೂ ಇಲ್ಲ. ಆದುದರಿಂದ ನಿಮ್ಮ ಕಾರಿನಲ್ಲಿ ಬೆಲ್ಟಿದೆಯೋ ಸರಪಳಿಯಿದೆಯೋ ಎಂಬದನ್ನು ಮೊದಲು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು.

ಬೆಲ್ಟು ಹೊರಗೆ ಬರೇ ರಬ್ಬರಿನಂತೆ ಕಂಡರೂ ಅದರ ಬಲವು ಒಳಗೆ ಹುದುಗಿಸಿದ ಗಾಜಿನ ನೂಲಿನ ಹುರಿಗಳಲ್ಲಿದೆ. ಅವು ಎಳೆತಕ್ಕೆ ಹಿಗ್ಗುವದಿಲ್ಲ. ಹಿಗ್ಗಿದರೆ ತಾಳ ತಪ್ಪುವದಷ್ಟೆ. ಹಲ್ಲುಗಳ ಮೇಲೆ ಸವೆಯದ ನೈಲಾನ್ ಬಟ್ಟೆಯ ಹೊದಿಕೆಯಿರುವದು. ಗಾಜಿನ ನೂಲು ಎಳೆತವನ್ನು ತಾಳುವದು, ಮಡಿಕೆಯನ್ನು ತಾಳದು. ಆದುದರಿಂದ ಹೊಸ ಬೆಲ್ಟನ್ನು ಕೈಯಲ್ಲಿ ಹಿಚುಕಿ ಮಡಚುವದೂ, ಒಳಮೈಯನ್ನು ಹೊರಕ್ಕೆ ತಿರುಗಿಸುವದೂ, ಮೊಳೆಗೆ ತೂಗಹಾಕುವದೂ ಸರಿಯಲ್ಲ. ಎಣ್ಣೆಯೂ ರೇಡಿಯೇಟರಿನ ಕೂಲೆಂಟೂ ತಗಲಿದ ರಬ್ಬರು ಬೇಗನೆ ಕೆಡುವದು.

3. ಕಣ್ಣಿಗಿಂತ ಲೆಕ್ಕವು ನಂಬತಕ್ಕದ್ದು

ಒಂದು ಚಿಕ್ಕ ಲೆಕ್ಕವನ್ನು ಮಾಡೋಣ. ಯಂತ್ರವು ನಿಮಿಷಕ್ಕೆ 2,500 ಸುತ್ತು ತಿರುಗುವದೆಂದೂ ಕಾರು ಸರಾಸರಿಯಲ್ಲಿ ಗಂಟೆಗೆ 40 ಕಿಲೋಮೀಟರು ಹೋಗುವದೆಂದೂ ಇಟ್ಟುಕೊಳ್ಳಿರಿ. 60,000 ಕಿಲೋಮೀಟರು ಓಡುವದಕ್ಕೆ 1,500 ಗಂಟೆಗಳು ಬೇಕು. ಗಂಟೆಗೆ 1,50,000 ಸುತ್ತಿನಂತೆ ಕ್ರ್ಯಾಂಕ್ ಶಾಫ್ಟು ಅಷ್ಟರಲ್ಲಿ 22,50,00,000 ಸುತ್ತು ತಿರುಗಿರುವದು. ಪ್ರತಿಯೊಂದು ವಾಲ್ವು 11,25,00,000 ಸಾರಿ ತೆರೆದು ಮುಚ್ಚಿರುವದು. ಇಷ್ಟೆಲ್ಲಾ ಕಾಲ ಯಂತ್ರದ ಬಿಸಿಯಲ್ಲಿ ಬೆಲ್ಟು ಬಾಗುತ್ತಲೂ ನೆಟ್ಟಗಾಗುತ್ತಲೂ ಇದ್ದಿತೆಂಬದನ್ನು ಯೋಚಿಸಿದರೆ ಅದು ಒಂದು ದಿನ ಹರಿಯುವದು ಆಶ್ಚರ್ಯವಲ್ಲ.

ಆದುದರಿಂದ ಕಾರನ್ನು ತಯಾರಿಸಿದವರು ಬೆಲ್ಟಿಗೆ ಒಂದು ಅವಧಿಯನ್ನು ನೇಮಿಸುತ್ತಾರೆ. ಅನೇಕ ಕಾರುಗಳಲ್ಲಿ ಅದು 60,000ದಿಂದ 1,00,000 ಕಿಲೋಮೀಟರಿನೊಳಗೆ ಇರುವದು. ಕೆಲವದರಲ್ಲಿ ಇನ್ನೂ ಹೆಚ್ಚು. ಇದರ ಜೊತೆಗೆ ಇಷ್ಟು ವರ್ಷಗಳೆಂಬ ಮಿತಿಯನ್ನೂ ಕೊಡುವದುಂಟು; ಯಾಕಂದರೆ ಓಡದೆ ನಿಂತ ಕಾರಿನಲ್ಲಿಯೂ ರಬ್ಬರು ಮುದಿಯಾಗುವದು. ಕಿಲೋಮೀಟರು, ವರ್ಷ, ಈ ಎರಡರಲ್ಲಿ ಯಾವದು ಮೊದಲು ಮುಗಿಯುವದೋ ಅದೇ ಬೆಲ್ಟಿನ ಅವಧಿ.

ನಮ್ಮಲ್ಲಿ ಕಲಿತು ಈಗ ನರ್ಸಾಗಿರುವ ಒಬ್ಬಾಕೆ ಕೆಲವು ವರ್ಷಗಳ ಕೆಳಗೆ ಬೇರೊಬ್ಬರಿಂದ ಹಳೆಯ ಕಾರೊಂದನ್ನು ಕೊಂಡಳು. ರಾತ್ರಿಯ ಪಾಳಿಯನ್ನು ಮುಗಿಸಿ, ನಸುಕಿನಲ್ಲಿ ಘಟ್ಟದ ದಾರಿಯಲ್ಲಿ ಒಬ್ಬಳೇ ಮನೆಗೆ ಬರುವವಳು ಆಕೆ. “ಟೀಚರಮ್ಮನವರೇ, ಮುಚ್ಚಳವನ್ನು ಬಿಚ್ಚಿ ನೋಡಿದೆನು, ಬೆಲ್ಟು ಹೊಸದರಂತೆ ಕಪ್ಪಗೆ ಇದೆ. ಬದಲಾಯಿಸಲೇಬೇಕೋ?” ಎಂದು ನಮಗೆ ಬರೆದಳು. “ಮಗಳೇ, ಅದನ್ನು ಹಾಕಿದ ದಿನವನ್ನು ಹಿಂದಿನವರು ಬರಹದಲ್ಲಿ ಕೊಟ್ಟಿದ್ದಾರೋ?” ಎಂದು ನಾವು ಕೇಳಿದೆವು. ಬರಹವಿಲ್ಲ, ಬಾಯಿಮಾತು ಮಾತ್ರ ಎಂದು ಉತ್ತರ ಬಂತು. “ಹಾಗಾದರೆ ಅದು ಅವಧಿ ಮುಗಿದ ಬೆಲ್ಟೆಂದೇ ಎಣಿಸಿ ಬದಲಾಯಿಸು” ಎಂದೆವು. ತೆಗೆದ ಬೆಲ್ಟನ್ನು ಆಕೆ ಬಾಗಿಸಿ ನೋಡಿದಾಗ ಹಲ್ಲುಗಳ ಬುಡದಲ್ಲಿ ಸಾಲಾಗಿ ಬಿರುಕುಗಳು ಕಂಡವು. ಗಾಲಿಗಳ ಮೇಲೆ ಇದ್ದಾಗ ಅವು ಕಂಡಿರಲಿಲ್ಲ. ಬಿರುಕು ಕಂಡರೆ ಬೆಲ್ಟು ಕೆಟ್ಟಿದೆ ಎಂದು ಹೇಳಬಹುದು. ಕಾಣದಿದ್ದರೆ ಚೆನ್ನಾಗಿದೆ ಎಂದು ಹೇಳಲಾಗದು.

ಹರಿದರೆ ಆಗುವದೇನು? ಕೆಲವು ಯಂತ್ರಗಳಲ್ಲಿ ಪೂರ್ತಿಯಾಗಿ ತೆರೆದ ವಾಲ್ವಿಗೂ ಮೇಲೇರಿದ ಪಿಸ್ಟನ್ನಿಗೂ ನಡುವೆ ಎಡೆಯಿರುವದು. ಅಲ್ಲಿ ಬೆಲ್ಟು ಹರಿದರೆ ಯಂತ್ರವು ನಿಲ್ಲುವದು. ಹೊಸ ಬೆಲ್ಟು ಹಾಕಿದರೆ ಮತ್ತೆ ನಡೆಯುವದು. ಬೇರೆ ಅನೇಕ ಯಂತ್ರಗಳಲ್ಲಿ ವಾಲ್ವೂ ಪಿಸ್ಟನ್ನೂ ಒಂದೇ ಸ್ಥಳವನ್ನು ಸರದಿಯ ಮೇಲೆ ಉಪಯೋಗಿಸುವವು. ಅಲ್ಲಿ ಕ್ಯಾಮ್ ಶಾಫ್ಟು ನಿಂತುಹೋದ ಕ್ಷಣದಲ್ಲಿಯೇ, ಇನ್ನೂ ತಿರುಗುತ್ತಿರುವ ಕ್ರ್ಯಾಂಕ್ ಶಾಫ್ಟು ಪಿಸ್ಟನ್ನುಗಳನ್ನು ತೆರೆದ ವಾಲ್ವುಗಳಿಗೆ ಬಡಿದು ಅವನ್ನು ಬಾಗಿಸಿಬಿಡುವದು. ಬೆಲ್ಟಿನ ಖರ್ಚಿನ ಸ್ಥಳದಲ್ಲಿ ಯಂತ್ರದ ತಲೆಯನ್ನೇ ಬಿಚ್ಚಿಸುವ ಖರ್ಚು ಬೀಳುವದು. ಇನ್ನೂ ದೊಡ್ಡ ಅಪಾಯವು ದಾರಿಯಲ್ಲಿದೆ. ಯಂತ್ರವು ನಿಂತೊಡನೆ ಬ್ರೇಕಿಗೆ ಅದು ಕೊಡುತ್ತಿದ್ದ ಸಹಾಯವು ಒಂದೆರಡು ಒತ್ತಿಗೆ ಮಾತ್ರ ಉಳಿಯುವದು. ಆಮೇಲೆ ಪೆಡಲು ಕಲ್ಲಿನಂತೆ ಗಟ್ಟಿಯಾಗುವದು. ಪವರ್ ಸ್ಟೀಯರಿಂಗುಳ್ಳ ಕಾರಿನಲ್ಲಿ ಸ್ಟೀಯರಿಂಗೂ ಭಾರವಾಗಬಹುದು. ಘಟ್ಟದ ಇಳಿಜಾರಿನಲ್ಲಿ ಹಿಂದೆ ಲಾರಿಗಳು ಬರುತ್ತಿರುವಾಗ ಇದರ ಅರ್ಥವೇನೆಂದು ನಾವು ವಿವರಿಸಬೇಕಾಗಿಲ್ಲ.

4. ಇದನ್ನು ಮನೆಯಲ್ಲಿ ಮಾಡಬಹುದೋ?

ಮಾಡಬಹುದು, ಆದರೆ ಎಲ್ಲಾ ಕಾರುಗಳಲ್ಲಿ ಅಲ್ಲ, ಎಲ್ಲರೂ ಅಲ್ಲ. ಒಂದೇ ಕ್ಯಾಮ್ ಶಾಫ್ಟಿರುವ ಸಣ್ಣ ಪೆಟ್ರೋಲು ಯಂತ್ರಗಳಲ್ಲಿ ಕೆಲಸವು ಸಾಧಾರಣ ಕೈಗಳಿಗೆ ಸಾಧ್ಯವಾದದ್ದು. ಡೀಸೆಲ್ ಯಂತ್ರಗಳಲ್ಲಿ ಅನೇಕ ವೇಳೆ ಅದೇ ಬೆಲ್ಟು ಇಂಧನದ ಪಂಪನ್ನೂ ತಿರುಗಿಸುವದರಿಂದ ಇನ್ನೊಂದು ಗುರುತನ್ನೂ ಕೂಡಿಸಬೇಕಾಗುವದು. ಕೆಲವು ಯಂತ್ರಗಳ ಗಾಲಿಗಳು ಶಾಫ್ಟಿನ ಮೇಲೆ ಆಣಿಯಿಲ್ಲದೆ ಬೋಲ್ಟಿನ ಬಿಗಿತದಿಂದಲೇ ನಿಲ್ಲುವವು. ಅವನ್ನು ಹಿಡಿದು ನಿಲ್ಲಿಸಲು ವಿಶೇಷ ಉಪಕರಣಗಳು ಬೇಕು. ಇನ್ನು ಕೆಲವು ಹೊಸ ಯಂತ್ರಗಳಲ್ಲಿ ಬೆಲ್ಟು ಎಣ್ಣೆಯೊಳಗೇ ಓಡುವದು. ಈ ಕಡೆಯ ಎರಡು ತರದವುಗಳನ್ನು ಗ್ಯಾರೇಜಿಗೆ ಬಿಡುವದೇ ಬುದ್ಧಿವಂತಿಕೆ.

ಮನೆಯಲ್ಲಿ ಮಾಡುವವರಿಗೆ ನಾಲ್ಕು ವಸ್ತುಗಳು ಅವಶ್ಯ. ಆ ಕಾರಿನ, ಆ ವರ್ಷದ ರಿಪೇರಿ ಕೈಪಿಡಿ ಒಂದು. ಸರಿಯಾದ ಉಪಕರಣಗಳು ಎರಡು. ಅವಸರವಿಲ್ಲದ ಒಂದು ಪೂರ್ತಿ ದಿನ ಮೂರು. ಜೊತೆಗೆ ಇನ್ನೊಬ್ಬರು ನಾಲ್ಕು. ಆ ಇನ್ನೊಬ್ಬರು ಈ ಕೆಲಸವನ್ನು ಮುಂಚೆ ಒಂದು ಸಾರಿಯಾದರೂ ಮಾಡಿದವರಾಗಿದ್ದರೆ ಬಹಳ ಉತ್ತಮ. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಕಾರನ್ನು ಮೆಕ್ಯಾನಿಕರ ಬಳಿಗೆ ಒಯ್ಯಿರಿ. ಆಗಲೂ ಈ ಪಾಠವು ವ್ಯರ್ಥವಲ್ಲ. ಕೆಲಸವನ್ನು ತಿಳಿದು ಪಕ್ಕದಲ್ಲಿ ನಿಂತು ಕೇಳುವವಳಿಗೆ ಯಾರೂ ಅರ್ಧ ಕೆಲಸ ಮಾಡಿ ಕಳುಹಿಸಲಾರರು.

5. ಕೆಲಸಕ್ಕೆ ಮುಂಚಿನ ಸಿದ್ಧತೆ

ಸೆರಗನ್ನೂ ದುಪ್ಪಟ್ಟಾವನ್ನೂ ತೆಗೆದಿಟ್ಟು ಮೈಗೆ ಅಂಟಿದ ಬಟ್ಟೆಯನ್ನು ಧರಿಸತಕ್ಕದ್ದು. ಜಡೆಯನ್ನು ಮೇಲಕ್ಕೆ ಕಟ್ಟಬೇಕು. ಬಳೆ, ಉಂಗುರ, ಗಡಿಯಾರಗಳನ್ನು ಬಿಚ್ಚಿಡಬೇಕು. ಬ್ಯಾಟರಿಯ ಎರಡು ತುದಿಗಳ ನಡುವೆ ಲೋಹದ ಬಳೆ ತಗಲಿದರೆ ಕ್ಷಣದಲ್ಲಿ ಕೆಂಪಗೆ ಕಾದು ಕೈಯನ್ನು ಸುಡುವದು.

ಕಾರನ್ನು ಗಟ್ಟಿಯಾದ ಸಮನೆಲದ ಮೇಲೆ ನಿಲ್ಲಿಸಿ ಹ್ಯಾಂಡ್ ಬ್ರೇಕನ್ನು ಎಳೆದು, ನೆಲದಲ್ಲೇ ಉಳಿಯುವ ಚಕ್ರಗಳ ಹಿಂದೆಯೂ ಮುಂದೆಯೂ ಮರದ ತುಂಡುಗಳನ್ನಿಡಿರಿ. ಯಂತ್ರವು ಪೂರ್ತಿಯಾಗಿ ತಣ್ಣಗಾಗಿರಲಿ. ಬ್ಯಾಟರಿಯ ಋಣದ ತುದಿಯನ್ನು, ಅಂದರೆ ಮೈನಸ್ ಗುರುತಿನ ತಂತಿಯನ್ನು, ಮೊದಲು ತೆಗೆಯಿರಿ. ಬೆಲ್ಟಿರುವ ಬದಿಯ ಮುಂದಿನ ಚಕ್ರವನ್ನು ಬಿಚ್ಚುವದಕ್ಕೆ ಕಾರನ್ನು ಜಾಕಿನಿಂದ ಎತ್ತಬೇಕಾಗುವದು. ಎತ್ತಿದ ಮೇಲೆ ಭಾರವನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಳಿಸತಕ್ಕದ್ದು. ಜಾಕು ಎತ್ತುವದಕ್ಕೆ ಇರುವದೇ ಹೊರತು ಹೊತ್ತುಕೊಂಡಿರುವದಕ್ಕೆ ಅಲ್ಲ. ಬರೇ ಜಾಕಿನ ಮೇಲೆಯೂ, ಇಟ್ಟಿಗೆಗಳ ಮೇಲೆಯೂ ನಿಂತ ಕಾರಿನ ಕೆಳಗೆ ತಲೆಯನ್ನಾಗಲಿ ಕೈಯನ್ನಾಗಲಿ ಇಡಕೂಡದು. ಈ ಪಾಠದಲ್ಲಿ ಬೇರೆಲ್ಲವನ್ನು ಮರೆತರೂ ಇದನ್ನು ಮರೆಯಬೇಡಿರಿ.

ಬಿಚ್ಚಿದ ಬೋಲ್ಟುಗಳನ್ನು ಒಂದೇ ಡಬ್ಬಿಗೆ ಹಾಕಬೇಡಿರಿ. ರಟ್ಟಿನ ಮೇಲೆ ಯಂತ್ರದ ಚಿತ್ರವನ್ನು ಬರೆದು, ಆಯಾ ಸ್ಥಳದಲ್ಲಿ ತೂತು ಮಾಡಿ ಸಿಕ್ಕಿಸಿಡಿರಿ. ಪ್ರತಿ ಹಂತದಲ್ಲಿ ಫೋನಿನಿಂದ ಚಿತ್ರ ತೆಗೆದಿಡುವದೂ ಒಳ್ಳೇದು.

6. ಬಿಚ್ಚುವ ಕ್ರಮ

ಮೊದಲನೆಯದು: ಚಕ್ರವನ್ನು ಬಿಚ್ಚಿ, ಆಲ್ಟರ್ನೇಟರು ಮುಂತಾದವುಗಳನ್ನು ತಿರುಗಿಸುವ ಹೊರಗಿನ ಬೆಲ್ಟುಗಳನ್ನು ಸಡಿಲಿಸಿ ತೆಗೆಯಿರಿ. ಸ್ಪಾರ್ಕ್ ಪ್ಲಗ್ಗುಗಳನ್ನೂ ತೆಗೆದರೆ ಯಂತ್ರವು ಕೈಯಿಂದ ಸುಲಭವಾಗಿ ತಿರುಗುವದು.

ಎರಡನೆಯದು: ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿರುವ ದೊಡ್ಡ ಪುಲ್ಲಿಯ ಬೋಲ್ಟನ್ನು ಸಡಿಲಿಸಬೇಕು. ಅದು ಬಹಳ ಬಿಗಿಯಾಗಿರುವದರಿಂದ ಶಾಫ್ಟು ತಾನೇ ತಿರುಗದಂತೆ ಕಾರನ್ನು ಮೇಲಿನ ಗೇರಿನಲ್ಲಿಟ್ಟು, ಜೊತೆಗಿರುವವರು ಬ್ರೇಕನ್ನು ಒತ್ತಿ ಹಿಡಿಯಲಿ. ಬೋಲ್ಟು ಸಡಿಲಾದ ಮೇಲೆ ಗೇರನ್ನು ಮರಳಿ ನ್ಯೂಟ್ರಲಿಗೆ ತನ್ನಿರಿ. ಪುಲ್ಲಿಯನ್ನೂ ಬೆಲ್ಟಿನ ಮುಚ್ಚಳಗಳನ್ನೂ ತೆಗೆಯಿರಿ. ಕೆಲವು ಕಾರುಗಳಲ್ಲಿ ಇದಕ್ಕೆ ಯಂತ್ರವನ್ನು ಹಿಡಿದಿರುವ ಮೌಂಟಿಂಗನ್ನೂ ಬಿಚ್ಚಬೇಕಾಗುವದು. ಆಗ ಯಂತ್ರದ ಅಡಿಗೆ ಮರದ ಹಲಗೆಯನ್ನಿಟ್ಟು ಇನ್ನೊಂದು ಜಾಕಿನಿಂದ ಆಧಾರ ಕೊಡತಕ್ಕದ್ದು.

ಮೂರನೆಯದು: ಗುರುತುಗಳನ್ನು ಕೂಡಿಸುವದು. ಇದೇ ಈ ಕೆಲಸದ ಜೀವ. ಕ್ರ್ಯಾಂಕ್ ಶಾಫ್ಟಿನ ಬೋಲ್ಟನ್ನು ಮತ್ತೆ ಕೈಯಿಂದ ಹಾಕಿ, ಅದರ ಮೇಲೆ ಸ್ಪ್ಯಾನರನ್ನಿಟ್ಟು ಕೈಪಿಡಿಯು ಹೇಳಿದ ದಿಕ್ಕಿಗೆ ಮೆಲ್ಲಗೆ ತಿರುಗಿಸಿರಿ. ಬಹುತೇಕ ಯಂತ್ರಗಳಲ್ಲಿ ಅದು ಗಡಿಯಾರದ ಮುಳ್ಳಿನ ದಿಕ್ಕು. ಮೊದಲನೆಯ ಸಿಲಿಂಡರಿನ ಪಿಸ್ಟನ್ನು ತೀರಾ ಮೇಲಕ್ಕೆ ಬಂದಾಗ ಕೆಳಗಿನ ಹಲ್ಲುಗಾಲಿಯ ಗುರುತು ಯಂತ್ರದ ಮೈಮೇಲಿನ ಗುರುತಿಗೆ ಎದುರಾಗುವದು. ಆಗ ಮೇಲಿನ ಗಾಲಿಯ ಗುರುತೂ ತನ್ನ ಜೊತೆಯ ಗುರುತಿಗೆ ಎದುರಾಗಿರಬೇಕು. ಕೆಳಗಿನದು ಕೂಡಿ ಮೇಲಿನದು ನೇರ ವಿರುದ್ಧ ದಿಕ್ಕಿನಲ್ಲಿದ್ದರೆ ಹೆದರಬೇಡಿರಿ. ಕೆಳಗಿನದಕ್ಕೆ ಎರಡು ಸುತ್ತಾದಾಗ ಮೇಲಿನದಕ್ಕೆ ಒಂದೇ ಎಂಬ ನಿಯಮದಿಂದಲೇ ಹಾಗಾಗಿದೆ. ಇನ್ನೊಂದು ಪೂರ್ತಿ ಸುತ್ತು ತಿರುಗಿಸಿದರೆ ಎರಡೂ ಕೂಡುವವು. ಹೊರಗಿನ ದೊಡ್ಡ ಪುಲ್ಲಿಯ ಮೇಲಿನ ಗುರುತುಗಳು ಅನೇಕ ವೇಳೆ ಕಿಡಿಯ ಕಾಲವನ್ನು ನೋಡುವದಕ್ಕೆ ಇರುವವು. ಅವನ್ನು ಇವೆಂದು ತಿಳಿಯಬಾರದು. ಕೂಡಿದ ಗುರುತುಗಳ ಮೇಲೆ ಬಿಳೀ ಬಣ್ಣದ ಒಂದೊಂದು ಚುಕ್ಕೆ ಇಡಿರಿ.

ನಾಲ್ಕನೆಯದು: ಬೆಲ್ಟನ್ನು ಬಿಗಿಹಿಡಿಯುವ ಟೆನ್ಷನರನ್ನು ಸಡಿಲಿಸಿ ಹಳೆಯ ಬೆಲ್ಟನ್ನು ಪಕ್ಕಕ್ಕೆ ಜಾರಿಸಿ ತೆಗೆಯಿರಿ. ಈ ಕ್ಷಣದಿಂದ ಹೊಸದು ಕೂಡ್ರುವ ವರೆಗೆ ಎರಡು ಶಾಫ್ಟುಗಳಲ್ಲಿ ಯಾವದನ್ನೂ ತಿರುಗಿಸಬಾರದು.

ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಅಗಲ, ಹಲ್ಲಿನ ಆಕಾರ, ಹಲ್ಲುಗಳ ಸಂಖ್ಯೆ ಒಂದೇ ಇವೆಯೋ ಎಂದು ಎಣಿಸಿ ನೋಡಿರಿ. ಟೆನ್ಷನರಿನ ಗಾಲಿಯನ್ನು ಬೆರಳಿನಿಂದ ತಿರುಗಿಸಿರಿ. ಗರಗರ ಎಂದರೂ ಅಲುಗಾಡಿದರೂ ಅದನ್ನು ಬದಲಾಯಿಸತಕ್ಕದ್ದು. ನೀರಿನ ಪಂಪು ಇದೇ ಬೆಲ್ಟಿನಿಂದ ತಿರುಗುವ ಯಂತ್ರವಾದರೆ ಪಂಪನ್ನೂ ಈಗಲೇ ಬದಲಾಯಿಸುವದು ವಾಡಿಕೆ. ಯಾಕಂದರೆ ಮುಂದೆ ಅದು ಕೆಟ್ಟರೆ ಈ ಕೆಲಸವನ್ನೆಲ್ಲಾ ಮೊದಲಿನಿಂದ ಮಾಡಬೇಕಾಗುವದು. ಶಾಫ್ಟುಗಳ ತುದಿಯ ಆಯಿಲ್ ಸೀಲಿನಿಂದ ಎಣ್ಣೆ ಒಸರುತ್ತಿದ್ದರೆ ಅದನ್ನು ಸರಿಪಡಿಸದೆ ಹೊಸ ಬೆಲ್ಟನ್ನು ಹಾಕುವದು ಹಣವನ್ನು ಹೊಳೆಗೆ ಹಾಕಿದಂತೆ.

7. ಜೋಡಿಸುವದೂ ಪರೀಕ್ಷಿಸುವದೂ

ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ಯಂತ್ರವು ತಿರುಗುವ ದಿಕ್ಕಿಗಿರಲಿ. ಕೆಳಗಿನ ಗಾಲಿಯಿಂದ ಆರಂಭಿಸಿ, ಟೆನ್ಷನರು ಇಲ್ಲದ ಬದಿಯನ್ನು ಬಿಗಿಯಾಗಿ ಎಳೆದು ಹಿಡಿದು ಮೇಲಿನ ಗಾಲಿಗೆ ಹಾಕಿರಿ. ಸಡಿಲೆಲ್ಲಾ ಟೆನ್ಷನರಿನ ಬದಿಗೆ ಬರಬೇಕು. ಬೆಲ್ಟನ್ನು ಕೈಯಿಂದಲೇ ಜಾರಿಸಬೇಕು. ಸ್ಕ್ರೂಡ್ರೈವರಿನಿಂದ ಮೀಟಿ ಹಾಕಬಾರದು. ಅನಂತರ ಟೆನ್ಷನರನ್ನು ಬಿಟ್ಟು, ಕೈಪಿಡಿಯು ಹೇಳಿದ ರೀತಿಯಲ್ಲಿ ಬಿಗಿಮಾಡಿರಿ. ಬಿಗಿ ಕಡಿಮೆಯಾದರೆ ಬೆಲ್ಟು ಹಲ್ಲು ಹಾರುವದು. ಹೆಚ್ಚಾದರೆ ಊಳಿಡುವದು, ಬೇರಿಂಗುಗಳನ್ನು ಸವೆಯಿಸುವದು.

ಒಂದೇ ಹಲ್ಲು ತಪ್ಪಿದರೆ ಏನಾಗುವದೆಂದು ಕೇಳುವಿರೋ? 20 ಹಲ್ಲುಗಳ ಗಾಲಿಯಲ್ಲಿ ಒಂದು ಸುತ್ತಿನ 360 ಡಿಗ್ರಿಗಳನ್ನು ಭಾಗಿಸಿದರೆ ಒಂದು ಹಲ್ಲಿಗೆ 18 ಡಿಗ್ರಿ ಬರುವದು. ಪ್ರತಿಯೊಂದು ವಾಲ್ವು ಅಷ್ಟು ಹಿಂದಾಗಿಯಾಗಲಿ ಮುಂದಾಗಿಯಾಗಲಿ ತೆರೆಯುವದು. ಕಾರು ಬಲವಿಲ್ಲದೆ ನಡುಗುತ್ತಾ ಓಡಬಹುದು. ಇನ್ನೂ ಹೆಚ್ಚು ತಪ್ಪಿದರೆ ವಾಲ್ವು ಪಿಸ್ಟನ್ನಿಗೆ ತಗಲಬಹುದು.

ಆದುದರಿಂದ ಕೀಲಿಯನ್ನು ತಿರುಗಿಸುವ ಮುಂಚೆ ಕೈಯಿಂದ ಪರೀಕ್ಷೆ ಮಾಡತಕ್ಕದ್ದು. ಕ್ರ್ಯಾಂಕ್ ಶಾಫ್ಟನ್ನು ಸ್ಪ್ಯಾನರಿನಿಂದ ಎರಡು ಪೂರ್ತಿ ಸುತ್ತು ಮೆಲ್ಲಗೆ ತಿರುಗಿಸಿರಿ. ನಡುವೆ ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿರಿ; ಅದು ವಾಲ್ವು ಪಿಸ್ಟನ್ನಿಗೆ ಮುಟ್ಟಿದ ಸೂಚನೆಯಾಗಿರಬಹುದು. ಅಲ್ಲಿಯೇ ನಿಲ್ಲಿಸಿ ಗುರುತುಗಳನ್ನು ಪುನಃ ನೋಡಿರಿ. ಕೈಯಿಂದ ತಿರುಗಿಸುವಾಗ ಮುಟ್ಟಿದ್ದು ಬಾಗುವದಿಲ್ಲ. ಸ್ಟಾರ್ಟರಿನಿಂದ ತಿರುಗಿಸಿದರೆ ಬಾಗುವದು. ಎರಡು ಸುತ್ತಾದ ಮೇಲೆ ಮೇಲಿನ ಗುರುತೂ ಕೆಳಗಿನ ಗುರುತೂ ಮತ್ತೆ ಸರಿಯಾಗಿ ಕೂಡಿದರೆ ಕೆಲಸವು ಸರಿಯಾಗಿದೆ. ಒಂದು ಹಲ್ಲಿನಷ್ಟು ಸರಿದಿದ್ದರೆ “ಇರಲಿ” ಎನ್ನದೆ ಬಿಚ್ಚಿ ಮತ್ತೊಮ್ಮೆ ಹಾಕಿರಿ. ನಾವು ಗಣಿತದಲ್ಲಿ ಉತ್ತರವನ್ನು ತಾಳೆ ನೋಡಲು ಹೇಳುವದು ಇದಕ್ಕಾಗಿಯೇ.

ತರುವಾಯ ಮುಚ್ಚಳ, ಪುಲ್ಲಿ, ಹೊರಗಿನ ಬೆಲ್ಟು, ಪ್ಲಗ್ಗುಗಳನ್ನು ಬಿಚ್ಚಿದ ಕ್ರಮಕ್ಕೆ ವಿರುದ್ಧವಾಗಿ ಜೋಡಿಸಿರಿ. ಬೋಲ್ಟುಗಳನ್ನು ಅಂದಾಜಿನಿಂದ ಬಿಗಿಯದೆ ಟಾರ್ಕ್ ರೆಂಚಿನಿಂದ, ಕೈಪಿಡಿಯಲ್ಲಿ ಕೊಟ್ಟ ಅಂಕೆಗೆ ಬಿಗಿಯಬೇಕು. ದೊಡ್ಡ ಪುಲ್ಲಿಯ ಬೋಲ್ಟಿನಲ್ಲಿ ಇದು ವಿಶೇಷವಾಗಿ ಮುಖ್ಯ. ಉಪಕರಣಗಳನ್ನು ಎಣಿಸಿ ತೆಗೆದಿಟ್ಟು, ಚಕ್ರವನ್ನು ಹಾಕಿ ಕಾರನ್ನು ನೆಲಕ್ಕಿಳಿಸಿ, ಬ್ಯಾಟರಿಯನ್ನು ಜೋಡಿಸಿ ಯಂತ್ರವನ್ನು ನಡಿಸಿರಿ. ಬಡಿತವೋ ಊಳೋ ಕೇಳಿಬಂದರೆ ಕೂಡಲೇ ನಿಲ್ಲಿಸತಕ್ಕದ್ದು.

8. ಬರೆದಿಡುವದು

ಕಡೆಯ ಕೆಲಸವು ಲೇಖನಿಯದು. ಬೆಲ್ಟನ್ನು ಹಾಕಿದ ತಾರೀಕನ್ನೂ ಮೀಟರಿನ ಕಿಲೋಮೀಟರನ್ನೂ ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿರಿ. ಮನೆಯ ಲೆಕ್ಕದ ಪುಸ್ತಕದಲ್ಲಿಯೂ ಬರೆಯಿರಿ. ಮುಂದೆ ಆ ಕಾರನ್ನು ಕೊಳ್ಳುವ ಯಾವಳೋ ಒಬ್ಬಳಿಗೆ, ನಾವು ಮೇಲೆ ಹೇಳಿದ ನರ್ಸಿಗೆ ದೊರೆಯದಿದ್ದ ಉತ್ತರವು ಆ ಚೀಟಿಯಿಂದ ದೊರೆಯುವದು.

ಸ್ಪ್ಯಾನರನ್ನು ಕೈಗೆ ತಕ್ಕೊಳ್ಳುವ ಮುಂಚೆ ತಾಯಿಯೂ ಮಗಳೂ ಕೂಡಿ ಕೂತು ಈ ಪ್ರಶ್ನೆಗಳಿಗೆ ಉತ್ತರ ಹೇಳಿ ನೋಡಿರಿ. ಒಂದಕ್ಕೆ ಉತ್ತರ ಬಾರದಿದ್ದರೂ ಪಾಠವನ್ನು ಮತ್ತೊಮ್ಮೆ ಓದತಕ್ಕದ್ದು.

(1) ಕೆಳಗಿನ ಗಾಲಿ ಎರಡು ಸುತ್ತು ತಿರುಗುವಾಗ ಮೇಲಿನದು ಒಂದೇ ಸುತ್ತು ತಿರುಗುವದು ಯಾಕೆ?

(2) ಹೊರಗೆ ಚೆನ್ನಾಗಿ ಕಾಣುವ ಬೆಲ್ಟನ್ನು ಅವಧಿಯಾದೊಡನೆ ತೆಗೆದುಬಿಡುವದು ಯಾಕೆ?

(3) ಕಾರಿನ ಭಾರವು ಈಗ ಯಾವದರ ಮೇಲೆ ನಿಂತಿದೆ: ಜಾಕಿನ ಮೇಲೆಯೋ, ಸ್ಟ್ಯಾಂಡಿನ ಮೇಲೆಯೋ?

(4) ಹಳೆಯ ಬೆಲ್ಟು ಹೊರಬಂದ ಮೇಲೆ ಯಾವದನ್ನು ತಿರುಗಿಸಬಾರದು?

(5) ಕೀಲಿಯನ್ನು ತಿರುಗಿಸುವ ಮುಂಚೆ ಕೈಯಿಂದ ಎಷ್ಟು ಸುತ್ತು ತಿರುಗಿಸಬೇಕು, ಆಮೇಲೆ ಏನನ್ನು ನೋಡಬೇಕು?